ಗೊತ್ತಿಲ್ಲ ಎನ್ನಲು ಕಲಿಸಿದವರು

ನಮ್ಮ ಕಡೆಯವರ ಬಾಯಲ್ಲಿ 'ಇಲ್ಲ' ಎಂಬ ಮಾತು ಸುಲಭಕ್ಕೆ ಹೊರಡುವುದಿಲ್ಲ. ಮದುವೆಗೆ ಕರೆಯಿರಿ, ಹೋಗುವ ಮನಸ್ಸು ಸಾಸಿವೆ ಕಾಳಿನಷ್ಟೂ ಇಲ್ಲದವನು 'ಬತ್ತೀನಿ ಹೋಗ್ರಿ' ಎನ್ನುತ್ತಾನೆ. ದಾರಿ ಕೇಳಿ, ಆ ಊರಿನ ಹೆಸರನ್ನೇ ಮೊದಲ ಸಲ ಕೇಳುತ್ತಿರುವವನೂ ಕೈಯೆತ್ತಿ ಒಂದು ದಿಕ್ಕು ತೋರಿಸಿ 'ಇಲ್ಲೇ, ಹತ್ರ' ಎನ್ನುತ್ತಾನೆ. ಇದು ಸುಳ್ಳು ಎಂದು ನಮಗೆ ಯಾವತ್ತೂ ಅನ್ನಿಸಿದ್ದಿಲ್ಲ. ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಮರ್ಯಾದೆ, ಅಷ್ಟೆ. ಇಂಥ ಇಪ್ಪತ್ತು ಚಿಲ್ಲರೆ ಜನರನ್ನು ಕಟ್ಟಿಕೊಂಡು ಒಂದು ಪ್ರವಾಸಿ ಸಂಘವನ್ನು ಏಳು ವರ್ಷ ನಡೆಸಿದ ಒಬ್ಬರು ಹೋದ ತಿಂಗಳು ಚೌಳಹಿರಿಯೂರಿನಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು. ನಾಲ್ಕರಲ್ಲಿ ಒಂದು ನನ್ನ ಬಗ್ಗೆಯೂ ಬರುತ್ತದೆ, ತಪ್ಪಿಸುವ ಹಾಗಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕಿನ ಲಾಡ್ಜಿನವರು, ಜೀಪಿನವರು, ಮನೆಯಲ್ಲೇ ಊಟ-ವಸತಿ ಕೊಡುವವರು ಸೇರಿ ಮಾಡಿಕೊಂಡ ಸಂಘ ನಮ್ಮದು. ಬರುವವರಿಗೆ ಬೇಕಾದ್ದು ಬೆಟ್ಟ, ಜಲಪಾತ, ಮಂಜು. ನಾವು ಅವರಿಗೆ ದಾರಿ ಮಾತ್ರ, ಊರಲ್ಲ. ಆ ದಾರಿಯಲ್ಲೇ ಅಮೃತಾಪುರದ ಕಲ್ಲು ಕೆತ್ತನೆಯನ್ನೋ ಅಜ್ಜಂಪುರದ ಅಮೃತಮಹಲ್ ದನಗಳನ್ನೋ ತೋರಿಸಿ ಅರ್ಧ ದಿನ ನಿಲ್ಲಿಸಿಕೊಂಡರೆ ಸಂಘ ಬದುಕುತ್ತದೆ. ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಮಾಳಿಗೆ ಮೇಲೆ ಒಂದು ಕೋಣೆ ಆಫೀಸು. ಕೆಳಗೆ ಒಂದು ಬಯಲು. ದೊಡ್ಡ ಬಸ್ಸುಗಳಲ್ಲಿ ಬಂದವರು ಅಲ್ಲಿ ಇಳಿದು ನಮ್ಮ ಜೀಪು ಹತ್ತುತ್ತಾರೆ.

ಇದಕ್ಕೆ ಅವರು ಮ್ಯಾನೇಜರ್. ಮುಂಚೆ ಸರ್ಕಾರಿ ಬಸ್ ಡಿಪೋ ಒಂದರಲ್ಲಿ ಡ್ರೈವರ್ ಕಂಡಕ್ಟರುಗಳಿಗೆ ಡ್ಯೂಟಿ ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಹಾಗಾಗಿ ಎಲ್ಲರ ಬಾಯಲ್ಲೂ 'ಡಿಪೋ ಸಾಹೇಬ್ರು'. ಗಿಡ್ಡ ಆಳು, ಅರ್ಧ ತೋಳಿನ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಬಲಗಿವಿಯ ಮೇಲೆ ಒಂದು ತುಂಡು ಸೀಮೆಸುಣ್ಣ. ಆಫೀಸಿನ ಗೋಡೆಗೆ ಒಂದು ಕರಿಹಲಗೆ ಹಾಕಿಸಿದ್ದರು. ದಿನದ ಡ್ಯೂಟಿಯೆಲ್ಲ ಅದರ ಮೇಲೆ. ಅದರ ಮೇಲೆ ಬರೆಯುವ ಅಧಿಕಾರ ಅವರೊಬ್ಬರಿಗೇ. ಸಂಘದವರು ಕಂಪ್ಯೂಟರ್ ತಂದುಕೊಟ್ಟಾಗ ಅದರ ಮೇಲೆ ಒಂದು ಟವೆಲ್ ಹೊದೆಸಿ ಇಟ್ಟರು. "ಧೂಳು ಬೀಳುತ್ತೆ ಕಣಮ್ಮ" ಎಂದರು. ಆರು ತಿಂಗಳು ಆ ಟವೆಲ್ ತೆಗೆಯಲಿಲ್ಲ, ಮೊಂಡರು.

ನಾನು ಅಲ್ಲಿಗೆ ಹೋದದ್ದು ಗೈಡ್ ಆಗಬೇಕು ಎಂದು. ಕಡೂರಿನಲ್ಲಿ ಇತಿಹಾಸ ಓದಿದ್ದೆ. ಕಂಬ, ಶಾಸನ ಎಲ್ಲ ಉರು ಹೊಡೆದಿದ್ದೆ. ಸಂದರ್ಶನಕ್ಕೆ ಒಂಬತ್ತು ಜನ ಕೂತಿದ್ದೆವು. ಅವರು ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ. "ಇಲ್ಲಿಂದ ಅಂತರಘಟ್ಟೆಗೆ ಎಷ್ಟು ದೂರ?" ಒಬ್ಬ 'ಇಲ್ಲೇ ಸಾರ್' ಅಂದ. ಇನ್ನೊಬ್ಬ 'ಅರ್ಧ ಗಂಟೆ ಸಾರ್, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ' ಅಂದ. ನನ್ನ ಸರದಿ ಬಂದಾಗ ತಲೆ ಖಾಲಿ. "ಗೊತ್ತಿಲ್ಲ ಸಾರ್. ಬಸ್ಸಲ್ಲಿ ಹೋಗಿದೀನಿ, ಆದ್ರೆ ನಿದ್ದೆ ಬಂದ್ಬಿಟ್ಟಿತ್ತು" ಎಂದೆ. ಹಿಂದೆ ಕೂತಿದ್ದವರು ಕಿಸಕ್ಕನೆ ನಕ್ಕರು. ಮುಗೀತು ಎಂದುಕೊಂಡು ಚೀಲ ಎತ್ತಿಕೊಂಡೆ.

"ನಾಳೆಯಿಂದ ಬಾಮ್ಮ" ಎಂದರು.

ಆದರೆ ಗೈಡ್ ಕೆಲಸ ಕೊಡಲಿಲ್ಲ. ಫೋನಿನ ಪಕ್ಕ ಕೂರಿಸಿದರು. "ಗೈಡ್‌ಗೆ ಬೇಕಾದ್ದು ಬಾಯಿ. ಅದು ನಮ್ಮೂರಲ್ಲಿ ಬೇಕಾದಷ್ಟು ಸಿಗ್ತದೆ. ನೀನು ಇಲ್ಲಿರು." ನನಗೆ ಉರಿದುಹೋಯಿತು. ಹೆಣ್ಣುಮಗಳು ಅಂತ ಮೂಲೆಗೆ ಹಾಕಿದರು ಎಂದೇ ನಂಬಿದ್ದೆ. ಈಗಲೂ ಪೂರ್ತಿ ಹಾಗಲ್ಲ ಎಂದು ಹೇಳಲಾರೆ.

ಅವರಿಗೆ 'ಗೊತ್ತಿಲ್ಲ'ದ ಹುಚ್ಚು ಹಿಡಿಯಲು ಕಾರಣವಿತ್ತು. ಸಂಘ ಶುರುವಾದ ಹೊಸತರಲ್ಲಿ ಒಂದು ದೊಡ್ಡ ಸಂಸಾರ ಅಮೃತಾಪುರ ನೋಡಿ, ಅಲ್ಲಿದ್ದ ನಮ್ಮ ಗೈಡನ್ನು ಕೇಳಿತಂತೆ: ಮುಂದೆ ಊಟ ಸಿಗುತ್ತಾ? 'ಸಿಗುತ್ತೆ ಸಾರ್, ಧಾರಾಳವಾಗಿ ಸಿಗುತ್ತೆ' ಎಂದ ಪುಣ್ಯಾತ್ಮ. ಅವರು ಹೋದ ದಾರಿಯಲ್ಲಿ ಒಂದು ಬೋಂಡದ ಅಂಗಡಿಯೂ ಇರಲಿಲ್ಲ. ಮಕ್ಕಳುಮರಿ ಸಮೇತ ಸಂಜೆ ನಾಲ್ಕರವರೆಗೆ ಉಪವಾಸ. ಅವರು ಆಫೀಸಿಗೆ ಬಂದು ಬೈದ ಬೈಗುಳ ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿತಂತೆ. ಆಮೇಲೆ ಸಾಹೇಬ್ರು ಗೈಡನ್ನು ಕರೆಸಿ, "ಊಟ ಸಿಗಲ್ಲ ಅಂತ ನಿಂಗೆ ಗೊತ್ತಿತ್ತೇನೋ?" ಎಂದು ಕೇಳಿದರು.

"ಗೊತ್ತಿತ್ತು ಸಾರ್."

"ಮತ್ಯಾಕೋ ಹಂಗಂದೆ?"

"ಹಸಿದು ನಿಂತೋರಿಗೆ ಊಟ ಇಲ್ಲ ಅನ್ನೋಕೆ ಬಾಯಿ ಬರ್ಬೇಕಲ್ಲ ಸಾರ್."

ಈ ಕಥೆಯನ್ನು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. ಆ ಗೈಡನ್ನು ಕೆಲಸದಿಂದ ತೆಗೆಯಲಿಲ್ಲ. "ಅವನ ಮನಸ್ಸು ಸರಿಯಾಗೈತೆ, ಬಾಯಿ ಒಂದು ತಿದ್ದಬೇಕು" ಎಂದು ಹೇಳಿ ವಾರವಿಡೀ ಬೆಳಿಗ್ಗೆ ಹಲಗೆ ಮುಂದೆ ನಿಲ್ಲಿಸಿಕೊಂಡು ಪಾಠ ಮಾಡಿದರು. ಪಾಠವೆಂದರೆ ಇಷ್ಟೇ: ಅವರು ಏನೇನೋ ಕೇಳುವುದು, ಇವನು 'ಆಗಲ್ಲ', 'ಗೊತ್ತಿಲ್ಲ', 'ಇಲ್ಲ' ಎನ್ನುವುದು. ಅವನು ಪ್ರತಿ ಸಲವೂ ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದನಂತೆ. "ತಲೆ ಎತ್ತಿ ಹೇಳೋ. ಇಲ್ಲ ಅನ್ನೋದು ಕಳ್ಳತನ ಅಲ್ಲ."

ಒಮ್ಮೆ ಸಂಘದವರು ಬೆಂಗಳೂರಿನಿಂದ ತರಬೇತಿಯವರನ್ನು ಕರೆಸಿದ್ದರು. ಮಾನವ ಸಂಪನ್ಮೂಲ ಅಂತ ಬ್ಯಾನರು, ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ ಇಡೀ ದಿನ. ಟೈ ಕಟ್ಟಿದವರೊಬ್ಬರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಅತಿಥಿಗೆ ಯಾವತ್ತೂ 'ಇಲ್ಲ' ಅನ್ನಬೇಡಿ ಎಂದರು. ನಮ್ಮ ಡ್ರೈವರುಗಳು, ಗೈಡುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬ್ರು ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಕೊನೆಗೆ ಅಭಿಪ್ರಾಯ ಹೇಳಿ ಎಂದಾಗ ಎದ್ದು ನಿಂತು, "ಊಟ ಚೆನ್ನಾಗಿತ್ತು" ಎಂದು ಕೂತರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಗೊಣಗಿದರು: "ನಮ್ಮೋರಿಗೆ ಹೂಂ ಅನ್ನೋಕೆ ಬೆಂಗಳೂರಿನೋರು ಕಲಿಸ್ಬೇಕಾ? ಹುಟ್ಟುತ್ತಲೇ ಕಲ್ತು ಬಂದೌರೆ."

ಡ್ಯೂಟಿ ಹಾಕುವ ಮುಂಚೆ ಅವರು ಪ್ರತಿಯೊಬ್ಬನನ್ನೂ ಕೇಳುತ್ತಿದ್ದ ಮಾತು, "ಮನೇಲಿ ಏನ್ ನಡೀತಾ ಐತೆ?" ಹೆಂಡತಿ ಬಾಣಂತನಕ್ಕೆ ಹೋಗಿದ್ದಾಳೋ, ಎಮ್ಮೆ ಕರು ಹಾಕುವುದಿದೆಯೋ, ಹೊಲದಲ್ಲಿ ರಾಗಿ ಎಷ್ಟು ಬಲಿತಿದೆಯೋ, ಎಲ್ಲ ಅವರಿಗೆ ಬೇಕು. ನಮ್ಮ ಅರ್ಧಕ್ಕರ್ಧ ಜನ ಹಿರೇನಲ್ಲೂರು, ಚೌಳಹಿರಿಯೂರು ಕಡೆಯ ಬೇಸಾಯಗಾರರು. ಜೀಪು, ಗೈಡು ಎಲ್ಲ ಹೊಲದ ನಡುವಿನ ಬಿಡುವು. ಪ್ರವಾಸಿಗರು ನುಗ್ಗುವ ಡಿಸೆಂಬರಿನ ಹೊತ್ತಿಗೇ ರಾಗಿ ಕೊಯ್ಲು, ಒಕ್ಕಣೆ ಕೂಡ. ಅವರು ಹಲಗೆಯ ಬಲಬದಿಯಲ್ಲಿ ಒಂದೂವರೆ ತಿಂಗಳು ಮುಂಚೆಯೇ ಯಾರ ಕೊಯ್ಲು ಯಾವ ವಾರ ಎಂದು ಬರೆದು ರಜೆ ಹಂಚಿಬಿಡುತ್ತಿದ್ದರು. ಸಂಘದ ಅಧ್ಯಕ್ಷರು, ದೊಡ್ಡ ಲಾಡ್ಜಿನವರು, ಒಮ್ಮೆ ಮಾಳಿಗೆ ಹತ್ತಿ ಬಂದು ಕೂಗಾಡಿದರು. "ಸೀಸನ್ ಟೈಮಲ್ಲಿ ರಜೆ ಕೊಡ್ತೀರಲ್ರೀ, ತಲೆ ನೆಟ್ಟಗೈತೇನ್ರೀ?"

"ಕೊಡದಿದ್ರೂ ಹೋಗ್ತಾರೆ ಸಾರ್. ಕೊಟ್ರೆ ಹೇಳಿ ಹೋಗ್ತಾರೆ."

ಹೊಗಳುವುದು ಮಾತ್ರ ಅವರ ಜಾಯಮಾನದಲ್ಲೇ ಇರಲಿಲ್ಲ. ಏಳು ವರ್ಷದಲ್ಲಿ ಯಾರಿಗೂ 'ಭೇಷ್' ಅಂದದ್ದನ್ನು ಯಾರೂ ಕೇಳಿರಲಿಲ್ಲ. ಕೆಲಸ ಚೆನ್ನಾಗಿ ಮಾಡಿದರೆ ಮಾರನೇ ದಿನ ಅದೇ ಡ್ಯೂಟಿ. ಹಾಳು ಮಾಡಿದರೆ ಬೇರೆ ಡ್ಯೂಟಿ. ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಓಂಕಾರಪ್ಪ ಎಂಬ ಡ್ರೈವರಿಗೆ ಏಳು ವರ್ಷವೂ ಘಾಟಿಯ ಜೀಪೇ. ಹಿರೇನಲ್ಲೂರಿನವನು, ಮಾತು ಕಡಿಮೆ. ಕೆಮ್ಮಣ್ಣುಗುಂಡಿಯ ತಿರುವುಗಳಲ್ಲಿ ಅವನು ಜೀಪು ಓಡಿಸಿದರೆ ಹಿಂದೆ ಕೂತವರ ಕೈಯ ಕಾಫಿ ತುಳುಕುವುದಿಲ್ಲ ಎಂದು ಹೆಸರು. ಅವನಿಗೂ ಅದರ ಹೆಮ್ಮೆ ಸಣ್ಣದಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಹಲಗೆ ನೋಡಿ, ತನ್ನ ಹೆಸರಿನ ಮುಂದೆ 'ಘಾಟಿ' ಎಂದಿರುವುದನ್ನು ಓದಿ, ಒಂದು ಸಲ ಮೀಸೆ ಒರೆಸಿಕೊಂಡು ಕೆಳಗಿಳಿಯುತ್ತಿದ್ದ.

ಘಾಟಿಗೆ ಒಂದು ಕಾನೂನಿತ್ತು. ಒಬ್ಬ ಡ್ರೈವರಿಗೆ ದಿನಕ್ಕೆ ಎರಡೇ ಟ್ರಿಪ್ಪು. ಮೂರನೆಯದನ್ನು ಯಾರು ಕೇಳಿದರೂ ಆಗಲ್ಲ ಎನ್ನಬೇಕು. "ಮೂರನೇ ಟ್ರಿಪ್ಪಲ್ಲಿ ಗಾಡಿ ಓಡ್ಸೋದು ಡ್ರೈವರ್ ಅಲ್ಲ, ಅವನ ನಿದ್ದೆ" ಎಂದು ಡಿಪೋ ಕಾಲದಿಂದ ಹೇಳಿಕೊಂಡು ಬಂದವರು.

ನಾನು ಸೇರಿ ಎರಡು ವರ್ಷವಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಶನಿವಾರ ಸಾಹೇಬ್ರು ಹನ್ನೊಂದರ ಬಸ್ಸಿಗೆ ಅಜ್ಜಂಪುರಕ್ಕೆ ಹೋದರು. ಮಧ್ಯಾಹ್ನ ಒಂದರ ಸುಮಾರಿಗೆ ಶಿವಮೊಗ್ಗದಿಂದ ಫೋನು. "ನಮ್ಮ ತಾಯಿಗೆ ಎಂಬತ್ತಾಯ್ತು, ಬೆಟ್ಟ ನೋಡ್ಬೇಕು ಅಂತ ಆಸೆ ಪಡ್ತಿದಾರೆ. ನಾಳೆ ಎಲ್ರೂ ವಾಪಸ್ ಹೋಗ್ತೀವಿ. ಇವತ್ತೇ ಒಂದು ಜೀಪು ಆಗುತ್ತಾ?" ಇದ್ದ ಡ್ರೈವರುಗಳೆಲ್ಲ ಬೇರೆ ಕಡೆ ಹೋಗಿದ್ದರು. ಓಂಕಾರಪ್ಪ ಬೆಳಗಿನ ಆರಕ್ಕೇ ಶುರು ಮಾಡಿ ಎರಡನೇ ಟ್ರಿಪ್ಪಿನಲ್ಲಿದ್ದ. ಆಗಲ್ಲ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, "ಆಗುತ್ತೆ ಸಾರ್, ಕರ್ಕೊಂಡ್ ಬನ್ನಿ."

ಅಷ್ಟಕ್ಕೇ ನಿಲ್ಲಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಓಂಕಾರಪ್ಪನ ಹೆಸರಿನ ಮುಂದೆ ಮೂರನೇ ಟ್ರಿಪ್ಪನ್ನು ಬರೆದೆ. ಎರಡು ವರ್ಷ ಅವರ ಅಕ್ಷರ ನೋಡಿ ನೋಡಿ ನನ್ನ ಅಕ್ಷರವೂ ಹಾಗೇ ದುಂಡಗಾಗಿತ್ತು. ಬರೆದು ಮುಗಿಸಿ ಊಟಕ್ಕೆ ಹೋದೆ. ನಾನು ಬರುವ ಮೊದಲೇ ಓಂಕಾರಪ್ಪ ಹತ್ತಿ ಬಂದು ಹಲಗೆ ನೋಡಿದ್ದಾನೆ. ಸಾಹೇಬ್ರು ಹೋಗುವ ಮುಂಚೆ ಬರೆದಿಟ್ಟಿದ್ದಾರೆ ಎಂದುಕೊಂಡು, ಮುಖ ತೊಳೆದು, ಮರುಮಾತಾಡದೆ ಹೋಗಿದ್ದಾನೆ.

ನಾಲ್ಕು ಗಂಟೆಗೆ ಘಾಟಿಯ ಒಂದು ತಿರುವಿನಲ್ಲಿ ಜೀಪು ಚರಂಡಿಗೆ ಇಳಿಯಿತು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕಣಿವೆ, ದೇವರು ದೊಡ್ಡವನು. ಆ ಅಜ್ಜಿಯ ಮುಂಗೈ ಮುರಿಯಿತು. ಉಳಿದವರಿಗೆ ತರಚು ಗಾಯ. ಒಂದು ಗಳಿಗೆ ಕಣ್ಣು ಮುಚ್ಚಿತು ಎಂದು ಓಂಕಾರಪ್ಪನೇ ಒಪ್ಪಿಕೊಂಡ.

ಸೋಮವಾರ ಸಂಘದ ತುರ್ತು ಸಭೆ. ಅದಕ್ಕೆ ಮುಂಚೆ ಸಾಹೇಬ್ರು ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಶನಿವಾರದ ಬರಹ ಹಾಗೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ, ಗಟ್ಟಿ ದನಿಯೇನಲ್ಲ, ಮಾಮೂಲಿಯಾಗಿ ಕೇಳಿದರು.

"ಮೂರನೇ ಟ್ರಿಪ್ಪಿಗೆ ಆಗುತ್ತೆ ಅಂದಿದ್ದು ಯಾರಮ್ಮ?"

"ಗೊತ್ತಿಲ್ಲ ಸಾರ್" ಎಂದೆ.

ಹೆದರಿಕೆ, ಬೇರೆ ಏನೂ ಅಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಯಾವ ಮಾತು ಹೇಳಿ ಆ ಕೆಲಸ ಗಿಟ್ಟಿಸಿದ್ದೆನೋ ಅದೇ ಮಾತು ಹೇಳಿ ಅದನ್ನು ಉಳಿಸಿಕೊಂಡೆ. ಅವರು ನನ್ನ ಮುಖ ನೋಡಿದರು. ಹೂಂ ಎಂದರು. ಹೆಗಲ ಟವೆಲಿನಿಂದ ಹಲಗೆಯನ್ನು ಪೂರ್ತಿ ಒರೆಸಿ ಸಭೆಗೆ ಹೋದರು.

ಸಭೆಯ ನಡಾವಳಿ ಬರೆಯುವ ಕೆಲಸ ನನ್ನದೇ. ಅಧ್ಯಕ್ಷರು, ಡ್ರೈವರನ್ನು ಇವತ್ತೇ ತೆಗೆಯಿರಿ ಎಂದರು. ಸಾಹೇಬ್ರು ಎದ್ದು ನಿಂತರು. "ಹಲಗೆ ಮೇಲೆ ಇದ್ದದ್ದನ್ನ ಅವನು ಮಾಡಿದಾನೆ. ಹಲಗೆ ನಂದು. ಅದ್ರ ಮೇಲಿರೋ ಪ್ರತಿ ಅಕ್ಷರಕ್ಕೂ ನಾನೇ ಹೊಣೆ." ಬರೀರಿ ಬರೀರಿ ಎಂದು ಯಾರೋ ನನಗೆ ಹೇಳಿದರು. 'ಮೂರನೇ ಟ್ರಿಪ್ಪಿನ ಹೊಣೆ ಮ್ಯಾನೇಜರರದ್ದು' ಎಂದು ನನ್ನ ಕೈಯಾರೆ ಬರೆದೆ. ಆ ಪುಸ್ತಕ ಇವತ್ತಿಗೂ ಆಫೀಸಿನ ಬೀರುವಿನಲ್ಲಿದೆ.

ಓಂಕಾರಪ್ಪನ ಕೆಲಸ ಉಳಿಯಿತು, ಘಾಟಿ ಹೋಯಿತು. ಕೆಳಗಿನ ಬಯಲಿನಲ್ಲಿ ಪೀಪಿ ಊದಿಕೊಂಡು ಬಸ್ಸು ನಿಲ್ಲಿಸುವ ಡ್ಯೂಟಿಗೆ ಹಾಕಿದರು. ಸಾಹೇಬ್ರು ತಿಂಗಳ ಕೊನೆಗೆ ಬಿಟ್ಟು ಹೋದರು. ಹೋಗುವ ದಿನ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಎರಡು ವರ್ಷಕ್ಕೆ ಅವರ ಕುರ್ಚಿಯೂ ನನ್ನದಾಯಿತು.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ, ಕಡೂರು ಬಸ್ ಸ್ಟ್ಯಾಂಡಿನಲ್ಲಿ. ಕೈಯಲ್ಲಿ ಔಷಧಿ ಚೀಟಿ. ಬಡಕಲಾಗಿದ್ದರು.

"ಓಂಕಾರಪ್ಪ ಮೊನ್ನೆ ಇಲ್ಲೇ ಸಿಕ್ಕಿದ್ದ ಕಣಮ್ಮ. ಮಾತಾಡ್ಸಲಿಲ್ಲ, ಮುಖ ತಿರುಗಿಸ್ಕೊಂಡ. ಹೋಗ್ಲಿ ಬಿಡು. ಅವನಿಗೆ ಜೀಪ್ ಕೊಟ್ರೇನು?"

"ನೋಡ್ತಾ ಇದೀವಿ ಸಾರ್."

ಅವರು ನಕ್ಕರು. "ನೋಡ್ತಾ ಇದೀವಿ ಅಂದ್ರೆ ಇಲ್ಲ ಅಂತ. ಹಂಗೇ ಹೇಳು ತಾಯಿ."

ಕೊಡಬಹುದಿತ್ತು. ಸಂಘದ ಮುಂದೆ ವಿಷಯ ತೆಗೆಯಬೇಕಿತ್ತು, ತೆಗೆದರೆ ಹಳೆಯದೆಲ್ಲ ಮೇಲೆ ಬರುತ್ತಿತ್ತು. ಹಾಗಾಗಿ ನಾಲ್ಕು ವರ್ಷ ನಾನು ಮೇಲೆ ಕೂತೆ, ಎರಡು ಫೋನಿನ ಪಕ್ಕ, ಎರಡು ಹಲಗೆಯ ಮುಂದೆ; ಅವನು ಕೆಳಗೆ ಪೀಪಿ ಊದಿದ. ದಿನಾ ಬೆಳಿಗ್ಗೆ ಕೇಳುವ ಆ ಪೀಪಿಯ ಸದ್ದು ಅಭ್ಯಾಸವಾಯಿತು ಎಂದು ಹೇಳಿಕೊಳ್ಳುತ್ತಿದ್ದೆ. ಆಗಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅವರ ಅಳಿಯ ಫೋನ್ ಮಾಡಿದರು. ಸಾಹೇಬ್ರು ಹೋಗ್ಬಿಟ್ರು, ಎರಡೂವರೆಗೆ ಮಣ್ಣು. ಸಾವಿಗೆ ರಜೆ ಕೇಳಬೇಡಿ, ಹೇಳಿ ಹೋಗಿ ಎಂಬುದು ಅವರದೇ ಕಾನೂನು. ಎಲ್ಲರೂ ಹೇಳಿದರು. ಮಧ್ಯಾಹ್ನಕ್ಕೆ ಬುಕ್ ಆಗಿದ್ದ ಮೂರು ಪಾರ್ಟಿಗಳಿಗೆ ಫೋನ್ ಮಾಡಿ 'ಇವತ್ತು ಆಗಲ್ಲ' ಎಂದೆ. ಒಬ್ಬರು ರೇಗಿದರು, ಇಬ್ಬರು ಸರಿ ಎಂದರು. ಅಷ್ಟೇ ಆದದ್ದು. ಹನ್ನೆರಡಕ್ಕೆ ನಮ್ಮವರೆಲ್ಲ ಟೆಂಪೋದಲ್ಲಿ ಹೊರಟರು. ಬೆಳಗಿನ ಪಾರ್ಟಿಗಳ ಲೆಕ್ಕಪತ್ರ ಮುಗಿಸಿ ಬಸ್ಸಿಗೆ ಬರುತ್ತೇನೆಂದು ನಾನು ಉಳಿದೆ. ಬೀಗ ಹಾಕಿ, ಉಳಿದ ಒಂದು ಜೀಪಿನ ಕೀ ತೆಗೆದುಕೊಂಡು ಕೆಳಗೆ ಬಂದಾಗ ಒಂದು ಗಂಟೆ ದಾಟಿತ್ತು. ಖಾಲಿ ಬಯಲಿನಲ್ಲಿ ಒಂದು ಜೀಪು, ಅದರ ನೆರಳಿನಲ್ಲಿ ಓಂಕಾರಪ್ಪ ಕೂತಿದ್ದ.

"ಹೋಗ್ಲಿಲ್ವೇ?"

"ಇಲ್ಲ ಕಣಮ್ಮ. ಸತ್ತೋರ ಮೇಲೆ ಸಿಟ್ಟು ಇಟ್ಕೋಬಾರ್ದು, ಇಟ್ಕೊಂಡಿಲ್ಲ. ಆದ್ರೆ ಹೋಗಿ ಮಣ್ಣು ಹಾಕೋ ಅಷ್ಟು ಋಣಾನೂ ಇಲ್ಲ. ಮೂರನೇ ಟ್ರಿಪ್ ಕೊಡಬಾರ್ದು ಅಂತ ಊರಿಗೆಲ್ಲ ಹೇಳ್ದೋರು, ನಂಗೊಬ್ಬಂಗೆ ಬರ್ದು ಹೋದ್ರಲ್ಲ. ಅದೇ ಯಾಕೆ ಅಂತ ಇಷ್ಟು ವರ್ಷ ಆದ್ರೂ ಹೊಳೀಲಿಲ್ಲ."

ಇವನು ಹೀಗೇ ಅಂದುಕೊಂಡು ಸಾಯುವ ತನಕ ಇರಬಹುದು, ನನಗೇನೂ ನಷ್ಟವಿಲ್ಲ. ಆದರೆ ಎರಡೂವರೆಯ ಹೊತ್ತಿಗೆ ಆ ಮನುಷ್ಯ ಮಣ್ಣಿನ ಕೆಳಗೆ ಹೋಗುತ್ತಾರೆ, ನನ್ನ ತಪ್ಪನ್ನು ಹೊತ್ತುಕೊಂಡು.

"ಅದು ಅವರು ಬರೆದಿದ್ದಲ್ಲ ಓಂಕಾರಪ್ಪ. ನಾನು. ಫೋನಲ್ಲಿ ಆಗುತ್ತೆ ಅಂದಿದ್ದೂ ನಾನೇ, ಹಲಗೆ ಮೇಲೆ ಬರ್ದಿದ್ದೂ ನಾನೇ. ಅವರು ಕೇಳಿದ್ರು. ನಾನು ಗೊತ್ತಿಲ್ಲ ಅಂದೆ."

ಅವನು ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಪೀಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಾ ಕೂತ. ರಸ್ತೆಯಲ್ಲಿ ಎರಡು ಬಸ್ಸು ಹಾದುಹೋದವು.

"ನಾಲ್ಕು ವರ್ಷ ಕಣಮ್ಮ" ಎಂದ ಕೊನೆಗೆ. "ಕಡೂರಲ್ಲಿ ಆ ಮುದುಕ ಓಂಕಾರಪ್ಪಾ ಓಂಕಾರಪ್ಪಾ ಅಂತ ಕೂಗ್ತಾ ಹಿಂದೆ ಬಂದ್ರು. ನಾನು ತಿರುಗಿ ನೋಡ್ಲಿಲ್ಲ."

ಎದ್ದು ನಿಂತು ಪಂಚೆ ಕೊಡವಿದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಪೀಪಿಯನ್ನು ನನ್ನ ಕೈಗೆ ಕೊಟ್ಟ.

"ಎಷ್ಟೊತ್ತಿಗೆ ಮಣ್ಣು ಅಂದ್ರಿ?"

"ಎರಡೂವರೆಗೆ."

ನನ್ನ ಕೈಯಲ್ಲಿದ್ದ ಜೀಪಿನ ಕೀಗೆ ಕೈ ಚಾಚಿ, ಬೀರೂರು, ಕಡೂರು ದಾಟಿ ಹೋಗುವ ಅಷ್ಟೂ ದಾರಿಯನ್ನು ಮನಸ್ಸಿನಲ್ಲೇ ಅಳೆಯುವವನ ಹಾಗೆ ನಿಂತ. "ಅಷ್ಟ್ರಲ್ಲಿ ಮುಟ್ಟಕ್ಕಾಗುತ್ತಾ?"

ಆಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲ" ಎಂದೆ, ತಲೆ ಎತ್ತಿ, ಮತ್ತು ಕೀ ಕೊಟ್ಟೆ.